ಹಳದಿ ಬಾವುಟದವರ ಸನ್ನಿಧಾನಕ್ಕೆ, ನಮ್ಮ ಕೊನೆಯ ದೃಶ್ಯದ ವಿಷಯವಾಗಿ

ಮಾನ್ಯರೇ,

ಬಿದಿರುಕೋಲಿನ ತುದಿಯಲ್ಲಿ ಸದಾ ನೆಟ್ಟಗೆ ನಿಂತು, ಬೆನ್ನ ಹಿಂದೆ ಒಂದು ಬಸ್ಸಿನಷ್ಟು ಜನರನ್ನು ಮಂತ್ರ ಹಾಕಿದಂತೆ ನಡೆಸಿಕೊಂಡು ಹೋಗುವ, ಪ್ರವಾಸಿ ತಂಡದ ಹಳದಿ ಬಾವುಟವಾದ ತಮಗೆ, ತೊಚಿಸಾವಾ ಊರಿನಲ್ಲಿ ಸಾರಿಗೆ ಕದಡುವ ಸೋಯಾ ಮುದ್ದೆಯಾದ ಮಿಸೊ ಮಾರುವ ಅಂಗಡಿಯವನೂ, ದೇವರ ಗುಡಿಯ ಮುಂದಿನ ಹುಲ್ಲುಮಾಡಿನ ರಂಗದ ಮೇಲೆ ಪ್ರತಿ ಸುಗ್ಗಿಯ ಹಬ್ಬದಲ್ಲಿ ಕಬುಕಿ ಆಟದ ಸೇನಾಪತಿಯ ವೇಷ ಕಟ್ಟುವವನೂ ಆದ ಕುವಾಬಾರ ಗೆಂಪಾಚಿ, ಹಣೆ ಚಾಪೆಗೆ ತಾಗುವಷ್ಟು ಬಾಗಿ ಮಾಡುವ ನಮಸ್ಕಾರಗಳು. ತಮ್ಮ ಮೂರೂ ಮೂಲೆಗಳು ಕ್ಷೇಮವೆಂದೂ, ಮಳೆಗೆ ಬಣ್ಣ ಬಿಟ್ಟಿಲ್ಲವೆಂದೂ, ಬಸ್ಸಿನ ಸೀಟಿನಡಿಯಲ್ಲಿ ಮಲಗುವ ಹೊತ್ತಿಗೆ ಇಲಿ ಅಂಚು ಕಡಿಯುತ್ತಿಲ್ಲವೆಂದೂ ನಂಬಿದ್ದೇನೆ.

ಮೊದಲಿಗೆ ತಮ್ಮ ಪ್ರತಾಪವನ್ನು ನಾಲ್ಕು ಮಾತಿನಲ್ಲಿ ಹೊಗಳಲು ಅಪ್ಪಣೆ ಬೇಡುತ್ತೇನೆ. ನಾನೋ, ಹಂಡೆಯಷ್ಟು ಭಾರದ ಹುಸಿಗೂದಲು ತಲೆಯ ಮೇಲೆ ಹೊತ್ತು, ಮುಖಕ್ಕೆ ಕೆಂಪು ಕಪ್ಪು ಪಟ್ಟೆ ಬಳಿದು, ಕತ್ತಿ ಹಿರಿದು, ಎದುರು ಬೆಟ್ಟದ ಕಡೆ ಬೆರಳು ಮಾಡಿ "ಅಗೋ ನೋಡಿರಿ, ಶತ್ರುಸೈನ್ಯ!" ಎಂದು ಕಣಿವೆಯೇ ಮಾರ್ದನಿಸುವಂತೆ ಗರ್ಜಿಸಿದರೆ, ಒಂದೇ ಒಂದು ಕುತ್ತಿಗೆ ಆ ಕಡೆ ತಿರುಗುವುದಿಲ್ಲ, ಜನ ಪೊಟ್ಟಣ ಬಿಚ್ಚಿ ಅನ್ನದ ಉಂಡೆ ತಿನ್ನುತ್ತಿರುತ್ತಾರೆ. ತಾವೋ, ಒಂದು ಮಾತಿಲ್ಲ, ಬಣ್ಣವಿಲ್ಲ, ತಾಲೀಮಿಲ್ಲ, ಒಂದು ಗೇಣು ಮೇಲೇರಿದರೆ ಸಾಕು, ಬಾಯಲ್ಲಿದ್ದ ಉಂಡೆಯನ್ನು ಅರ್ಧಕ್ಕೇ ನುಂಗಿ ಇಡೀ ಸಭೆ ಎದ್ದು ನಿಲ್ಲುತ್ತದೆ. ಆಹಾ! ಇದಲ್ಲವೇ ಅಭಿನಯ! ನಮ್ಮ ಊರದೇವರಿಗೂ ಇಂಥ ಭಕ್ತರು ಸಿಕ್ಕಿಲ್ಲ.

ನಮ್ಮ ಕಣಿವೆಯ ಮೇಲೆ ತಮಗಿರುವ ಪ್ರೀತಿಯನ್ನೂ ನಾನು ಬಲ್ಲೆ. ತಮ್ಮ ಸಂಸ್ಥೆಯ ಬಣ್ಣದ ಕರಪತ್ರವನ್ನು ಅಂಗಡಿಯ ಗೋಡೆಗೆ ಅಂಟಿಸಿಕೊಂಡಿದ್ದೇನೆ. ಬೆಳಗ್ಗೆ ಸೇಬಿನ ತೋಟ, ಅಲ್ಲಿ ಮರದಡಿ ನಿಂತು ಹೊಟ್ಟೆ ಹಿಡಿಯುವಷ್ಟು ತಿನ್ನಬಹುದು. ಆಮೇಲೆ ಸೋಬಾ ಶಾವಿಗೆ ಮಾಡುವ ಮನೆ, ಅಲ್ಲಿ ಅತಿಥಿಗಳು ಹಿಟ್ಟು ನಾದಿ ಫೋಟೋ ತೆಗೆಸಿಕೊಳ್ಳುತ್ತಾರೆ, ತಿನ್ನುವ ಶಾವಿಗೆಯನ್ನು ಆ ಮನೆಯ ಹೆಂಗಸರು ಒಳಗೆ ಬೇರೆಯೇ ಮಾಡಿಟ್ಟಿರುತ್ತಾರೆ. ಆಮೇಲೆ ಹೊಳೆಯಲ್ಲಿ ದೋಣಿ. ಸಂಜೆಗೆ ಬಿಸಿನೀರಿನ ಬುಗ್ಗೆಯಲ್ಲಿ ಸ್ನಾನ, ಎಲ್ಲರೂ ಒಂದೇ ಬಣ್ಣದ ನಿಲುವಂಗಿ ತೊಟ್ಟು ಊಟ. ಗುಂಪಿಗೆ ಹೇಳಿ ಮಾಡಿಸಿದ ಕಣಿವೆ ನಮ್ಮದು, ಅದರಲ್ಲಿ ಎರಡು ಮಾತಿಲ್ಲ. ದೋಣಿಗೂ ಸ್ನಾನಕ್ಕೂ ನಡುವೆ, ಸಣ್ಣ ಅಕ್ಷರದಲ್ಲಿ, "ಸುಗ್ಗಿ ಹಬ್ಬದ ದಿನಗಳಲ್ಲಿ ಊರ ಕಬುಕಿ, ಸ್ವಲ್ಪ" ಎಂದು ಅಚ್ಚಾಗಿದೆ. ಸಾರಿಗೆ ಉಪ್ಪು ಹಾಕುವವರು ಬರೆದಂತಿದೆ. ಆದರೂ ನಮ್ಮ ಹೆಸರು ಅಚ್ಚಾಯಿತಲ್ಲ ಎಂದು ಆ ವರ್ಷ ಊರವರೆಲ್ಲ ಅಕ್ಕಿ ಹೆಂಡ ಸಾಕೆ ಕುಡಿದೆವು.

ಈಗ ದೂರಿಗೆ ಬರುತ್ತೇನೆ. ಆ "ಸ್ವಲ್ಪ" ಎಂಬುದು ಎಲ್ಲಿಗೆ ಮುಗಿಯುತ್ತದೆ ಎಂದು ತಾವು ಎಂದಾದರೂ ತಿರುಗಿ ನೋಡಿದ್ದೀರಾ?

ನಮ್ಮ ಆಟದ ಕಥೆ ಹಳೆಯದು. ಯುದ್ಧದ ಗದ್ದಲದಲ್ಲಿ ಕಳೆದುಹೋದ ಮಗ ಶತ್ರುಪಕ್ಷದಲ್ಲಿ ಬೆಳೆದು ಸೇನಾಪತಿಯಾಗುತ್ತಾನೆ. ಹೆತ್ತ ತಾಯಿ ಲಾಂದ್ರ ಹಿಡಿದು ಊರೂರು ಅಲೆದು, ಕೊನೆಯ ದೃಶ್ಯದಲ್ಲಿ ಅವನನ್ನು ಕಾಣುತ್ತಾಳೆ. ಕೊನೆಯ ದೃಶ್ಯದಲ್ಲಿ, ಮಾನ್ಯರೇ! ಅಲ್ಲಿಯವರೆಗೆ ಆ ತಾಯಿ ರಂಗಕ್ಕೇ ಬರುವುದಿಲ್ಲ. ಆ ತಾಯಿಯ ಪಾತ್ರ ಕಟ್ಟುವವರು ನಮ್ಮೂರ ಕ್ಷೌರಿಕ ಕಿಸಾಬುರೊ ಅಣ್ಣ. ನಾನು ಚಡ್ಡಿ ಹಾಕುವ ಕಾಲದಿಂದಲೂ ಅವರೇ ತಾಯಿ. ಬೆಳಗಿನಿಂದ ಕನ್ನಡಿಯ ಮುಂದೆ ಕೂತು, ಕುತ್ತಿಗೆಗೆ ಬಿಳಿ ಬಳಿದು, ತುಟಿಗೆ ಚಿಟಿಕೆ ಕೆಂಪು ಇಟ್ಟು, ಕನ್ನಡಕ ತೆಗೆದಿಟ್ಟು, ಅವರು ಎದ್ದು ನಿಂತಾಗ ಹುಡುಗಾಟದ ಹುಡುಗರೂ ದಾರಿ ಬಿಡುತ್ತಾರೆ. ಅಂಥವರು ಸಭೆಯ ಹಿಂದಿನಿಂದ, ಚಾಪೆಗಳ ನಡುವಿನ ಮರದ ಹಾದಿಯ ಮೇಲೆ ಲಾಂದ್ರ ಹಿಡಿದು ಹೆಜ್ಜೆ ಇಡುವ ಹೊತ್ತಿಗೆ ಸರಿಯಾಗಿ, ತಾವು ಮೇಲೇರುತ್ತೀರಿ.

ಜನ ಎದ್ದು ಹೋದರೆ ಊರವರಾದರೂ ನೋಡುತ್ತಾರಲ್ಲ ಎನ್ನಬಹುದು. ಊರಲ್ಲಿ ಉಳಿದಿರುವವರು ಒಂದೋ ರಂಗದ ಮೇಲೆ ವೇಷ ಕಟ್ಟಿರುತ್ತಾರೆ, ಇಲ್ಲವೇ ರಂಗದ ಅಡಿಯಲ್ಲಿ ಬೆವರು ಸುರಿಸುತ್ತ, ದೃಶ್ಯ ಬದಲಾಗಲೆಂದು ಅದನ್ನು ಗಾಣದಂತೆ ತಿರುಗಿಸುತ್ತಿರುತ್ತಾರೆ. ನೋಡುವವರೆಂದರೆ ತಮ್ಮ ಬಸ್ಸಿನವರೇ. ಹೀಗೆ ಈ ವರ್ಷಕ್ಕೆ ಮುಂಚಿನ ಮೂರು ಹಬ್ಬಗಳಲ್ಲಿ ಆ ಮಹಾತಾಯಿ ಮಗನನ್ನು ಅಪ್ಪಿಕೊಂಡದ್ದು ಚಾಪೆಯ ಮೇಲಿನ ಖಾಲಿ ದಿಂಬುಗಳ ಎದುರು. ಒಂದು ವರ್ಷ ಅಪ್ಪಿಕೊಂಡಾಗ ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದರು: "ಗೆನ್, ಯಾರಾದ್ರೂ ಇದಾರೇನೋ?" ನಾನೆಂದೆ: "ನಿಮ್ಮ ಹೆಂಡ್ತಿ ಇದಾರೆ ಅಣ್ಣ." ಅವರೆಂದರು: "ಅವಳನ್ನ ಬಿಡು. ಅವಳು ಲಾಂದ್ರ ವಾಪಸ್ ತಗೊಂಡು ಹೋಗೋಕೆ ಕೂತಿರೋದು."

ತಮ್ಮನ್ನು ಹೊರುವ ಮಿಯಾಶಿತಾ ಎಂಬ ಹೆಣ್ಣುಮಗಳು ಒಳ್ಳೆಯವರು, ಅವರ ಮೇಲೆ ನನ್ನ ದೂರಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ ಪ್ರವಾಸಿ ಅಜ್ಜಿಯರು "ಅಯ್ಯೋ, ಆಮೇಲೆ ಮಗ ಸಿಕ್ಕಿದ್ನಾ ಇಲ್ವಾ?" ಎಂದು ಕೇಳಿದರೆ, ಆಕೆ "ಬಸ್ಸಲ್ಲಿ ಹೇಳ್ತೀನಿ, ಬನ್ನಿ ಬನ್ನಿ, ಹಳದಿ ಬಾವುಟದ ಹಿಂದೆ!" ಎನ್ನುತ್ತಾರೆ. ಆದರೆ ಆಕೆಯೂ ಕೊನೆಯನ್ನು ನೋಡಿದವರಲ್ಲ! ಒಂದು ವರ್ಷದ ಬಸ್ಸಿನವರಿಗೆ ಮಗ ಸತ್ತನೆಂದರಂತೆ, ಎಲ್ಲರೂ ಅಳುತ್ತ ಸ್ನಾನಕ್ಕಿಳಿದರಂತೆ. ಮರುವರ್ಷದವರಿಗೆ ಅವನು ಸನ್ಯಾಸಿಯಾದನೆಂದರಂತೆ. ನಾನು ಬದುಕಿ ಬಾಳುತ್ತಿರುವ ಸೇನಾಪತಿ, ನನ್ನ ಗತಿ ಬಸ್ಸಿನೊಳಗೆ ಹೀಗಾಯಿತು.

ಈ ವರ್ಷ ಹಬ್ಬಕ್ಕೆ ಮುಂಚೆ ಕಿಸಾಬುರೊ ಅಣ್ಣ ತಾಲೀಮಿನ ನಡುವೆ ಮೊಣಕಾಲು ಹಿಡಿದುಕೊಂಡು ಕೂತುಬಿಟ್ಟರು. "ಇದೇ ಕೊನೆ ಕಣೋ ಗೆನ್. ಈ ಮಂಡಿ ಇನ್ನು ತಾಯಿನ ಹೊರೋದಿಲ್ಲ. ಮುಂದಿನ ವರ್ಷದಿಂದ ನೀನೇ ಕಟ್ಟು" ಎಂದರು. ಆಮೇಲೆ ಮಂಡಿ ಉಜ್ಜಿಕೊಳ್ಳುತ್ತ, ಯಾರನ್ನೂ ನೋಡದೆ ಅಂದರು: "ತುಂಬಿದ ಸಭೇಲಿ ಇನ್ನೊಂದ್ಸಲ ಆಗಿದ್ರೆ ಚೆನ್ನಾಗಿತ್ತು."

ಮಾನ್ಯರೇ, ಆ ಮಾತು ಕೇಳಿದ ಮೇಲೆ ನಾನು ಕೈಕಟ್ಟಿ ಕೂರುವವನೇ? ಹಬ್ಬದ ದಿನ ಬಸ್ಸು ನಿಂತ ಕೂಡಲೇ ಒಂದು ಡಬ್ಬಿ ಮಿಸೊ ಹಿಡಿದು ಮಿಯಾಶಿತಾ ಅವರ ಮುಂದೆ ನಿಂತು, ಕೊನೆಯ ದೃಶ್ಯ ಮುಗಿಯುವವರೆಗೆ ಇರಬೇಕೆಂದು ಬೇಡಿಕೊಂಡೆ. ಆಕೆ ಸಂಕೋಚದಿಂದ ಹಲ್ಲು ಕಚ್ಚಿ ಗಾಳಿ ಎಳೆದುಕೊಂಡು ಹೇಳಿದರು: "ನಂಗೂ ನೋಡ್ಬೇಕು ಅಂತಾನೇ ಇದೆ ಗೆಂಪಾಚಿ ಸಾನ್. ಆದ್ರೆ ಸ್ನಾನದ ಮನೆಯೋರು ನಮ್ಮ ಹಿಂದೆ ಇನ್ನೊಂದು ಬಸ್ಸಿಗೆ ಹೊತ್ತು ಕೊಟ್ಬಿಟ್ಟಿದಾರೆ. ತಡ ಆದ್ರೆ ಇವರೆಲ್ಲ ಹೊಳೆ ಕೆಸರಲ್ಲೇ ಊಟಕ್ಕೆ ಕೂರ್ಬೇಕಾಗತ್ತೆ." ಸರಿ, ಹಾಗಾದರೆ ಆಟವನ್ನೇ ಓಡಿಸೋಣ ಎಂದು ಹೊರಟೆ. ಮಾತುಗಳನ್ನು ಕುದುರೆಯಂತೆ ಓಡಿಸಿದೆ. ಹಾಡುವವರು ಏದುಸಿರು ಬಿಟ್ಟರು. ಶತ್ರುನಾಯಕನನ್ನು ಒಂದೇ ಏಟಿಗೆ ಕತ್ತರಿಸಿದೆ. ಆದರೆ ಈ ಬದಲಾವಣೆಯನ್ನು ಅವನಿಗೆ ಹೇಳಲು ಮರೆತಿದ್ದೆ. ತಾಲೀಮಿನಲ್ಲಿ ಕಲಿತಂತೆ ಅವನು ಎರಡನೆಯ ಏಟಿಗೆ ಕಾಯುತ್ತ ನಿಂತೇ ಇದ್ದ. ನಾನು ಕಣ್ಣು ಮಾಡಿದೆ, ಹುಬ್ಬು ಮಾಡಿದೆ, "ಬೀಳೋ, ಬೀಳೋ" ಎಂದು ಹಲ್ಲಿನ ಸಂದಿಯಿಂದ ಉಸುರಿದೆ. ಅವನು "ಇನ್ನೂ ಹೊಡೆದಿಲ್ಲವಲ್ಲ" ಎಂದು ಗೊಣಗಿದ. ಉಳಿಸಿದ ಹೊತ್ತೆಲ್ಲ ಅವನ ಸಾವಿಗೇ ಖರ್ಚಾಯಿತು.

ಅಷ್ಟರಲ್ಲಿ, ಚಪ್ಪಲಿ ಬಿಡುವ ಹಲಗೆಯ ಪಕ್ಕದಲ್ಲಿ, ತಾವು ಸೂರ್ಯೋದಯದಂತೆ ಮೇಲೇರಿದಿರಿ.

ಸಭೆ ಎದ್ದಿತು. ಮಂಡಿ ತೀಡಿಕೊಳ್ಳುವವರು, ಚೀಲ ಹುಡುಕುವವರು, ಕೈಯಲ್ಲಿ ಒಂದು ಶೂ ಹಿಡಿದವರು. ಅದೇ ಗಳಿಗೆಗೆ ಹಿಂದಿನ ಪರದೆ ಸರಿದು, ಲಾಂದ್ರ ಹಿಡಿದ ತಾಯಿ ಹಾದಿಯ ಮೇಲೆ ಕಾಣಿಸಿಕೊಂಡಳು.

ಕನ್ನಡಕವಿಲ್ಲದ ಕಿಸಾಬುರೊ ಅಣ್ಣನ ಕಣ್ಣಿಗೆ ಬಿದ್ದದ್ದು ಇಷ್ಟು: ತಾನು ಬರುತ್ತಿದ್ದಂತೆ ಇಡೀ ಸಭೆ ಎದ್ದು ನಿಂತಿದೆ. ಅವರು ನಿಂತರು. ಲಾಂದ್ರವನ್ನು ಪಕ್ಕಕ್ಕಿಟ್ಟರು. ಆ ಮಂಡಿಯನ್ನು ಮಡಚಿ ಕೂತು, ಎರಡು ಕೈ ಹಲಗೆಗೂರಿ, ನಿಧಾನವಾಗಿ ಬಾಗಿ ವಂದಿಸಿದರು.

ಮಾನ್ಯರೇ, ತಾವು ಬಟ್ಟೆ, ತಮಗೆ ಬೆನ್ನಿಲ್ಲ. ಬೆನ್ನಿರುವ ನಮ್ಮವರಿಗೆ, ಬಾಗಿದವರ ಎದುರು ಬಾಗದೆ ಹೋಗುವುದು ಆಗದ ಕೆಲಸ. ಪಕ್ಕದಲ್ಲಿದ್ದ ಮುದುಕರೊಬ್ಬರು ಶೂ ಹಿಡಿದೇ ಬಾಗಿದರು. ಅವರ ಹೆಂಡತಿ ಬಾಗಿದರು. ಅವರನ್ನು ಕಂಡು ಆಚೆಯವರು. ಇಷ್ಟು ಜನ ಬಾಗಿದರೆಂದು ಅಣ್ಣ ಮತ್ತೂ ಕೆಳಗೆ ಬಾಗಿದರು. ಹಿರಿಯರು ಅಷ್ಟು ಬಾಗಿದ ಮೇಲೆ ಸಭೆ ಇನ್ನಷ್ಟು ಬಾಗಲೇಬೇಕಾಯಿತು. ತಲೆ ಎತ್ತಿದವರು ಎದುರಿನವರು ಇನ್ನೂ ಎತ್ತಿಲ್ಲವೆಂದು ಮತ್ತೆ ತಗ್ಗಿಸಿದರು. ಮೊದಲು ನಿಲ್ಲಿಸುವವರಾರು? ಕೊನೆಗೆ ಆ ಅಲೆ ಚಪ್ಪಲಿ ಹಲಗೆಯವರೆಗೂ ಬಂತು. ಮಿಯಾಶಿತಾ ಅವರು ನೋಡಿದರು, ತಡೆಯಲಾಗಲಿಲ್ಲ, ಎರಡೂ ಕೈಗಳನ್ನು ತೊಡೆಗಿಟ್ಟು ಸೊಂಟ ಬಗ್ಗಿಸಿದರು. ಕೋಲು ಎತ್ತಿ ಹಿಡಿದು ಬಾಗುವ ವಿದ್ಯೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ತಾವು ಇಳಿದಿರಿ!

ತಾವು ಇಳಿದದ್ದನ್ನು ಹಿಂದಿನ ಸಾಲಿನವರು ಕಂಡರು. ಬೆಳಗಿನಿಂದ ತಮ್ಮ ಅಪ್ಪಣೆಯಲ್ಲೇ ಸೇಬು ಕಿತ್ತು, ಹಿಟ್ಟು ನಾದಿ, ದೋಣಿ ಹತ್ತಿ ಇಳಿದ ಆ ಸುಶಿಕ್ಷಿತ ಜನ, ಇಳಿದರೆ ಕೂರಬೇಕೆಂದು ತಿಳಿದು ಕೂತುಬಿಟ್ಟರು. ಮುಂದಿನವರೂ ಕೂತರು. ಶೂ ಮಡಿಲಲ್ಲಿಟ್ಟುಕೊಂಡು ಆ ಮುದುಕರೂ ಕೂತರು. ಆ ನಿಶ್ಶಬ್ದದಲ್ಲಿ ಕಿಸಾಬುರೊ ಅಣ್ಣ ಲಾಂದ್ರ ಎತ್ತಿಕೊಂಡು ಮಗನನ್ನು ಹುಡುಕಲು ಹೊರಟರು, ಕಣ್ಣು ಕಾಣದೆ ನನ್ನ ಕಡೆ ಬರುವುದು ಬಿಟ್ಟು ರಂಗದ ಕಂಬದ ಕಡೆ. "ಅಮ್ಮಾ, ಆ ಕಡೆ ಅಲ್ಲ, ಈ ಕಡೆ! ಇಲ್ಲಿದಾನೆ ನೋಡಿ ನಿಮ್ಮಗ!" ಎಂದು ಸಭೆಯಿಂದ ಒಬ್ಬ ಅಜ್ಜಿ ಕೂಗಿದರು. "ಪಟ್ಟೆ ಮುಖದೋನು!" ಎಂದರು ಇನ್ನೊಬ್ಬರು. ತಾಯಿ ತಿರುಗಿದಳು, ನನ್ನ ಕೆನ್ನೆ ತಡವಿದಳು. ಸಭೆಯಲ್ಲಿ ಮೂಗು ಸೀಟುವ ಸದ್ದು ಎದ್ದಿತು. ನನ್ನ ಮಾತು ನನಗೆ ಮರೆತೇಹೋಯಿತು. ಯಾರಿಗೂ ಗೊತ್ತಾಗಲಿಲ್ಲ, ಮಗ ಗದ್ಗದಿತನಾದನೆಂದುಕೊಂಡರು. ಆಗಿಯೂ ಇದ್ದೆನೆನ್ನಿ.

ಆ ಸಂಜೆ ತಮ್ಮ ಬಸ್ಸಿನವರು ಕೆಸರುಗಾಲಲ್ಲೇ ಊಟ ಮಾಡಿದರೆಂದು ಕೇಳಿದೆ, ಅದಕ್ಕಾಗಿ ಊರಿನ ಪರವಾಗಿ ಕ್ಷಮೆ ಇರಲಿ.

ಬಣ್ಣದ ಕೋಣೆಯಲ್ಲಿ ಅಣ್ಣ ಮಗುವಿನಂತಾಗಿದ್ದರು. "ನೋಡಿದ್ಯಾ ಗೆನ್? ಎದ್ದು ನಿಂತ್ರು ಕಣೋ!" ಅವರ ಹೆಂಡತಿ ತೊಯೊ ಅತ್ತಿಗೆ ಲಾಂದ್ರ ಒರೆಸುವ ನೆವದಲ್ಲಿ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದರು: "ಬಾಯಿ ಬಿಟ್ಟೀರಾ ಜೋಕೆ. ಬಸ್ಸು ಗಿಸ್ಸು ಅಂತ ಏನಾದ್ರೂ ಅಂದ್ರೆ, ನಿಮ್ಮ ಅಂಗಡಿ ಮಿಸೊ ನಮ್ಮನೆ ಸಾರಿಗೆ ಬೀಳಲ್ಲ." ನಾನು ತುಟಿ ಹೊಲಿದುಕೊಂಡೆ. ಊರೆಲ್ಲ ಹೊಲಿದುಕೊಂಡಿತು.

ಮೊನ್ನೆ ಕ್ಷೌರಕ್ಕೆ ಹೋಗಿದ್ದೆ. ಕತ್ತಿಯನ್ನು ನನ್ನ ಗಂಟಲ ಮೇಲಿಟ್ಟು ಅಣ್ಣ ಕೇಳಿದರು: "ಅವರು ಎದ್ದಿದ್ದು ಬಸ್ಸಿಗೆ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯೇನೋ?" ನಾನು ಉಗುಳು ನುಂಗಲಿಲ್ಲ, ನುಂಗುವ ಹಾಗಿರಲಿಲ್ಲ. "ಅವತ್ತು ಗೊತ್ತಾಗ್ಲಿಲ್ಲ, ಒಪ್ಕೋತೀನಿ. ಮನೆಗೆ ಬಂದು ಕನ್ನಡಕ ಹಾಕ್ಕೊಂಡು ಯೋಚನೆ ಮಾಡ್ದೆ, ಗೊತ್ತಾಯ್ತು. ಎದ್ದಿದ್ದು ಬಸ್ಸಿಗೆ. ಸರಿ. ಕೂತಿದ್ದು ಯಾರಿಗೆ ಹೇಳು?" ನಾನು ಗಂಟಲಲ್ಲೇ ಏನೋ ಅಂದೆ. "ಬಾವುಟ ಇಳೀತು, ಅದಕ್ಕೆ ಕೂತ್ರು ಅಂತೀಯಾ. ಬಾವುಟ ಇಳಿಸಿದ್ಯಾರು?" ಎಂದು ನೊರೆ ಒರೆಸಿ, ಕುರ್ಚಿ ತಿರುಗಿಸಿ, ಆಮೇಲೆ ಅಪ್ಪಣೆ ಮಾಡಿದರು: "ಆ ಬಾವುಟಕ್ಕೇ ಒಂದು ಕಾಗದ ಬರಿ. ಮುಂದಿನ ವರ್ಷಾನೂ ನಾನು ಬರೋ ಹೊತ್ತಿಗೇ ಎತ್ಬೇಕು ಅಂತ ಬರಿ. ಮಂಡಿಗೆ ಪಟ್ಟಿ ಕಟ್ಕೊಂಡು ಬರ್ತೀನಿ. ಇನ್ನೊಂದ್ಸಲ ಇಳಿಸ್ತೀನಿ ಅವನನ್ನ."

ಆದ್ದರಿಂದ, ಮಾನ್ಯರೇ, ದೂರೆಂದು ಶುರುವಾದ ಈ ಪತ್ರ ಸವಾಲಿನ ಓಲೆಯಾಗಿ ಮುಗಿಯುತ್ತಿರುವುದಕ್ಕೆ ಮನ್ನಿಸಬೇಕು. ಮುಂದಿನ ಸುಗ್ಗಿಗೆ ತಾವು ದಯಮಾಡಿ ಒಂದು ಗಳಿಗೆ ಮುಂಚೆಯೂ ಅಲ್ಲ, ತಡವೂ ಅಲ್ಲ, ಲಾಂದ್ರ ಕಂಡ ಕೂಡಲೇ ಪೂರ್ಣ ಎತ್ತರಕ್ಕೆ ಏರಬೇಕು. ಕೋಲನ್ನು ಇನ್ನೂ ಉದ್ದದ್ದು ತಂದರೆ ಅಣ್ಣ ಹೆಚ್ಚು ಸಂತೋಷಪಡುತ್ತಾರೆ. ಸ್ನಾನದ ಮನೆಯವರಿಗೆ ಹೇಳಿ ಬಿಸಿನೀರಿನ ಬುಗ್ಗೆಯನ್ನು ಒಂದು ದಿನದ ಮಟ್ಟಿಗೆ ನಮ್ಮ ಗುಡಿಯ ಅಂಗಳಕ್ಕೆ ವರ್ಗಾಯಿಸಲಾಗುತ್ತದೆಯೇ ವಿಚಾರಿಸಬೇಕು. ಊರ ಮುಖ್ಯಸ್ಥರ ಸ್ವಾಗತ ಭಾಷಣದ ನಡುವೆಯೂ ಒಮ್ಮೆ ಏರಿ ಉಪಕಾರ ಮಾಡಿದರೆ ಊರು ತಮ್ಮನ್ನು ಎಂದಿಗೂ ಮರೆಯುವುದಿಲ್ಲ.

ಗಾಳಿ ತಮ್ಮ ಪರವಾಗಿಯೇ ಬೀಸಲಿ, ಅಣ್ಣನ ಮಂಡಿಯೂ ಗಟ್ಟಿಯಾಗಿರಲಿ ಎಂದು ಎರಡೂ ಕಡೆಗೆ ಹರಸುತ್ತ,

ತಮ್ಮ ವಿಶ್ವಾಸಿ,
ಕುವಾಬಾರ ಗೆಂಪಾಚಿ,
ಮಿಸೊ ವ್ಯಾಪಾರಿ ಮತ್ತು ಸೇನಾಪತಿ, ತೊಚಿಸಾವಾ

ತಾ.ಕ.: ಈ ವರ್ಷ ನನ್ನ ಸ್ವಂತ ಪ್ರವೇಶದ ಹೊತ್ತಿಗೆ ತಾವು ಮಿಯಾಶಿತಾ ಅವರ ಸೊಂಟಪಟ್ಟಿಯಲ್ಲಿ ಸಿಕ್ಕಿಕೊಂಡು ತೂಕಡಿಸುತ್ತಿದ್ದುದನ್ನು ರಂಗದ ಮೇಲಿನಿಂದಲೇ ಕಂಡೆ. ಮುಂದಿನ ವರ್ಷ ನನಗಾಗಿಯೂ ಪೂರ್ತಿ ಏರಬೇಕೆಂದು ನಾನು ಕೇಳುವುದಿಲ್ಲ, ಒಂದು ಗೇಣು ಮಿಸುಕಾಡಿದರೂ ಸಾಕು. ಜನ ಎದ್ದರೆ ಅವರನ್ನು ಕೂರಿಸುವ ಹೊಣೆ ನನ್ನದು; ಅವರು ಕೂರದೇ ಹೋದರೆ, ಬಸ್ಸಿನಲ್ಲಿ ನನಗೂ ಒಂದು ಸೀಟು ಹಿಡಿದಿಡಿ.