ಐವತ್ತಡಿ ಮದುವೆ

ಮಾಂಬಳ್ಳಿಯ ರುದ್ರಸ್ವಾಮಿಯವರ ಮದುವೆ ಒಂಬತ್ತು ವರ್ಷಗಳಿಂದ ಒಂದು ತಗಡಿನ ಡಬ್ಬಿಯೊಳಗೆ ಸುರುಳಿ ಸುತ್ತಿಕೊಂಡು ಕೂತಿತ್ತು.

ಆದದ್ದಿಷ್ಟು. ಅವರ ಹೆಂಡತಿ ಸುವರ್ಣಮ್ಮನ ಸೋದರಮಾವ ಗುರುಪಾದಸ್ವಾಮಿ ಹಡಗಿನಲ್ಲಿ ಕೆಲಸಕ್ಕಿದ್ದವರು. ಅರವತ್ತನೇ ಇಸವಿಯಲ್ಲಿ ಮದುವೆಗೆ ಬಂದಾಗ ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ಸಿನಿಮಾ ಕ್ಯಾಮೆರಾ ತಂದಿದ್ದರು. ಕರ್ರ್ ಎನ್ನಿಸುತ್ತ ಸಿಕ್ಕಿದವರನ್ನೆಲ್ಲ ಅದರೊಳಗೆ ತುಂಬಿಕೊಂಡು ಹೋಗಿ ಹಡಗು ಹತ್ತಿದರು. ಆರು ತಿಂಗಳಿಗೆ ಅಂಚೆಯಲ್ಲಿ ಐವತ್ತಡಿಯ ರೀಲು ಬಂತು. ‘ನೋಡುವ ಮಿಷನ್ನು ಹಿಂದಿನಿಂದ ಕಳಿಸುತ್ತೇನೆ’ ಎಂಬ ಕಾಗದವೂ ಬಂತು. (ಆ ಮಿಷನ್ನು ಇನ್ನೂ ಹಿಂದಿನಿಂದಲೇ ಬರುತ್ತಿದೆ.)

ಸುವರ್ಣಮ್ಮನಿಗೆ ಆ ರೀಲಿನಿಂದ ಬೇಕಾಗಿದ್ದದ್ದು ಒಂದೇ: ಅವಳ ತಂದೆ, ಶಾಗ್ಯದ ಶಿವಯ್ಯನವರ ಮುಖ. ಫೋಟೋ ತೆಗೆಸಿಕೊಂಡರೆ ಆಯುಸ್ಸು ಸವೆಯುತ್ತದೆಂದು ಜೀವಮಾನವಿಡೀ ಕ್ಯಾಮೆರಾ ಕಂಡರೆ ಓಡುತ್ತಿದ್ದ ಶಿವಯ್ಯನವರು ಮಗಳ ಮದುವೆಯ ದಿನ ಮಾತ್ರ ನಿಂತಿದ್ದರು. ಮರುವರ್ಷ ತೀರಿಕೊಂಡರು. ಮನೆಯಲ್ಲಿ ಅವರ ಒಂದು ಪಟವೂ ಇಲ್ಲ.

ರುದ್ರಸ್ವಾಮಿಯವರಿಗೆ ಬೇಕಾಗಿದ್ದದ್ದು ಬೇರೆ. ಅವರು ಅಂದು ಬಿಳಿ ಕುದುರೆ ಏರಿದ್ದರು. ಮಹಾರಾಜರ ಠೀವಿಯಲ್ಲಿ ಏರಿದ್ದೆನೆಂದು ಅವರೂ, ಪೇಟ ಮೂಗಿನ ಮೇಲಿತ್ತೆಂದು ಸುವರ್ಣಮ್ಮನೂ ಒಂಬತ್ತು ವರ್ಷದಿಂದ ಸಾಧಿಸುತ್ತಿದ್ದರು.

ಆ ವರ್ಷ ತಂದೆಯ ತಿಥಿ ಹತ್ತಿರ ಬಂದಾಗ ಸುವರ್ಣಮ್ಮ ಡಬ್ಬಿಯನ್ನು ತಂದು ಗಂಡನ ಊಟದ ತಟ್ಟೆಯ ಪಕ್ಕ ಕುಕ್ಕಿದಳು.

“ಈ ಸಲ ನಮ್ಮಪ್ಪನ ಪಟ ಇಟ್ಟೇ ಪೂಜೆ ಮಾಡೋದು. ಅದೇನು ಮಾಡ್ತೀರೋ ಮಾಡ್ರಿ.”

ರುದ್ರಸ್ವಾಮಿಯವರ ದಂಡಯಾತ್ರೆ ಹೊರಟಿತು. ಯಳಂದೂರಿನ ಟೆಂಟ್ ಸಿನಿಮಾದ ಆಪರೇಟರು ರೀಲನ್ನು ಕಿರುಬೆರಳಿಗೆ ಸುತ್ತಿ ನೋಡಿ, “ಸಾ, ನಮ್ ಮಿಷನ್‌ಗೆ ಓಗೋದು ಎರಡು ಬೆರಳಗಲದ್ದು. ಇದು ಲಂಗದ ಲಾಡಿ ಇದ್ದಂಗೆ ಅದಲ್ಲಾ!” ಎಂದ. ಊರೂರಿಗೆ ಬಂದು ಬೇಸಾಯದ ಚಿತ್ರ ತೋರಿಸುವ ಸರ್ಕಾರಿ ವ್ಯಾನನ್ನು ಹನೂರಿನವರೆಗೆ ಬಸ್ಸಿನಲ್ಲಿ ಬೆನ್ನಟ್ಟಿ ಹಿಡಿದರೆ, ಅವರ ಮಿಷನ್ನಿಗೂ ಇದು ಸಣ್ಣದಾಯಿತು. ಮದರಾಸಿನ ಸ್ಟುಡಿಯೋಗೆ ಕಾಗದ ಬರೆದರೆ, ಇದನ್ನು ದೊಡ್ಡ ಫಿಲಂ ಮಾಡಿಕೊಡುತ್ತೇವೆ, ಅಡಿಗೆ ಇಷ್ಟು ಎಂದು ಉತ್ತರ ಬಂತು.

“ಐವತ್ತಡಿಗೆ ಇಷ್ಟಾ!” ಎಂದು ಕೂಗಿದರು ರುದ್ರಸ್ವಾಮಿಯವರು. “ಈ ದುಡ್ಡಲ್ಲಿ ಇನ್ನೊಂದು ಮದ್ವೇನೇ ಆಗ್ಬೋದು!”

“ಆಗ್ರಿ,” ಎಂದಳು ಸುವರ್ಣಮ್ಮ, ಒಗ್ಗರಣೆಯಿಂದ ತಲೆ ಎತ್ತದೆ. “ಈ ಸಲನಾರ ದೊಡ್ ಫಿಲಂನಲ್ಲೇ ತೆಗೆಸ್ಕಳಿ.”

ಕೊನೆಗೆ ದಾರಿ ತೋರಿಸಿದವನು ಕೊಳ್ಳೇಗಾಲದ ಫೋಟೋ ಸ್ಟುಡಿಯೋದ ಮಂಟೇಸ್ವಾಮಿ. ಅವನು ರೀಲನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ ನಿಟ್ಟುಸಿರುಬಿಟ್ಟ. “ಒಂದೊಂದು ಚಿತ್ರನೂ ಅಕ್ಕಿಕಾಳಷ್ಟದೆ ಸಾ. ನೇರ ತೆಗೆಯಕ್ಕಾಗಲ್ಲ. ಆದ್ರೆ ರೇಷ್ಮೆ ಇಲಾಖೆ ಸಾಹೇಬ್ರು ಜಪಾನಿಗೆ ಟ್ರೈನಿಂಗ್ ಓಗಿದ್ರಲ್ಲ, ಅವ್ರು ಇಂಥದೇ ಮಿಷನ್ ತಂದವ್ರೆ. ಅವ್ರು ಗೋಡೆ ಮೇಲೆ ಬಿಡ್ಲಿ, ನಾನು ಗೋಡೇನೇ ಫೋಟೋ ಒಡೀತೀನಿ. ಮಂದ ಬೆಳಕು ನೋಡಿ, ಅಲ್ಲಾಡೋರೆಲ್ಲ ಮಂಜಾಯ್ತರೆ. ಅಲ್ಲಾಡ್ದೆ ನಿಂತೋರು ಮಾತ್ರ ಸಿಕ್ತರೆ.”

ಹೀಗೆ ಒಂದು ಭಾನುವಾರ ಮಧ್ಯಾಹ್ನ, ಬೆಳೆ ಮುಗಿದು ಖಾಲಿ ಬಿದ್ದಿದ್ದ ರುದ್ರಸ್ವಾಮಿಯವರ ಹುಳುಮನೆ ಚಿತ್ರಮಂದಿರವಾಯಿತು. ರೇಷ್ಮೆಹುಳುವಿಗೆಂದು ಮಾಡಿದ ಕೋಣೆ; ಕಿಟಕಿಗೆ ಗೋಣಿತಾಟು ಕಟ್ಟಿದರೆ ಕಗ್ಗತ್ತಲು. ಗೋಡೆಗೆ ಒಂದು ಬಿಳಿ ಪಂಚೆ ಬಿಗಿದದ್ದಾಯಿತು. ಸಾಹೇಬರು ರೀಲನ್ನು ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು.

“ಫಿಲಂ ಒಣಗಿ ಹಪ್ಪಳ ಆಗಿದೆಯಲ್ರೀ. ಒಂದು ಸಲ ಓಡಿದರೆ ನಿಮ್ಮ ಪುಣ್ಯ. ಮಧ್ಯದಲ್ಲಿ ನಿಲ್ಲಿಸೋ ಹಾಗೂ ಇಲ್ಲ, ಬಲ್ಬಿನ ಶಾಖಕ್ಕೆ ಸುಟ್ಟುಹೋಗುತ್ತೆ. ನಾಲ್ಕು ನಿಮಿಷ, ಅಷ್ಟೆ.”

ಮಂಟೇಸ್ವಾಮಿಯ ಕ್ಯಾಮೆರಾದಲ್ಲಿದ್ದದ್ದು ಹನ್ನೆರಡು ಫೋಟೋ. ಯಾವಾಗ ಒತ್ತಬೇಕೆಂದು ಕೂಗಿ ಹೇಳಲು ಒಬ್ಬರು ಬೇಕಾಯಿತು.

“ನಾನೇಳ್ತೀನಿ,” ಎಂದಳು ಸುವರ್ಣಮ್ಮ.

“ನೀನು ಅಪ್ಪನ್ನ ನೋಡ್ತಿದ್ದಂಗೇ ಅಳ್ತಾ ಕೂತ್ಕತೀಯ. ಇದಕ್ಕೆ ಗುಂಡಿಗೆ ಬೇಕು ಕಣೇ,” ಎಂದು ರುದ್ರಸ್ವಾಮಿಯವರು ನಿರ್ದೇಶಕ ಪದವಿಯನ್ನು ತಾವೇ ಅಲಂಕರಿಸಿದರು. ಅದಕ್ಕೆಂದೇ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು.

ಮಿಷನ್ನು ಟಕಟಕ ಎಂದಿತು. ಪಂಚೆಯ ಮೇಲೆ ಬೆಳಕು ಕುಣಿಯಿತು. ಕುಣಿದ ಬೆಳಕಿನೊಳಗಿಂದ ಒಂದು ಬಿಳಿ ಕುದುರೆ ಬಂತು.

“ನಾನು! ಒತ್ಲಾ ಮಂಟೇಸ್ವಾಮಿ!”

ಕುದುರೆ ತಲೆ ಕೊಡವಿತು. “ಒತ್ಲಾ!” ಕುದುರೆ ಚಪ್ಪರದ ಮಾವಿನೆಲೆಗೆ ಬಾಯಿ ಹಾಕಿತು. “ಇದೊಂದು ಒತ್ಲಾ, ಗಾಂಭೀರ್ಯ ನೋಡು!” ಪೇಟ ಮೂಗಿನವರೆಗೆ ಇಳಿಯಿತು. ರುದ್ರಸ್ವಾಮಿಯವರು ಅದನ್ನು ನೋಡಲಿಲ್ಲವೋ, ನೋಡಿಯೂ ನೋಡಲಿಲ್ಲವೋ, “ಒತ್ತು!” ಎಂದರು.

“ಏನ್ರಿ, ಅಪ್ಪಯ್ಯಂಗೆ ಒಂದಾರ ಉಳಿಸ್ರಿ!” ಕತ್ತಲಲ್ಲಿ ಸುವರ್ಣಮ್ಮನ ದನಿ ನಡುಗಿತು.

“ಇರೇ, ಬತ್ತಾರೆ. ಒತ್ಲಾ!”

“ಸಾ, ಅನ್ನೊಂದಾಯ್ತು. ಇನ್ನು ಒಂದೇ ಇರೋದು!” ಎಂದು ಮಂಟೇಸ್ವಾಮಿ ಕೂಗಿದ. ಅಷ್ಟರಲ್ಲಿ ವಧೂವರರು ಭೂಮದ ಊಟಕ್ಕೆ ಕೂತ ದೃಶ್ಯ ಬಂತು. ರುದ್ರಸ್ವಾಮಿಯವರಿಗೆ ತಡೆಯಲಾಗಲಿಲ್ಲ. ಎದ್ದು ಪಂಚೆಯ ಬಳಿಗೇ ಓಡಿ, ಬೆರಳಿಟ್ಟು, “ಇಲ್ನೋಡಿ ಸಾಹೇಬ್ರೇ, ಇವಳ ಬಾಯಿಗೆ ನಾನೇ ತುತ್ತು ಇಡ್ತಾ ಇವ್ನಿ!” ಎಂದರು.

ದೃಶ್ಯ ಬದಲಾಯಿತು.

“ಅಪ್ಪಯ್ಯ!” ಸುವರ್ಣಮ್ಮ ಚೀರಿದಳು. “ಒತ್ತಪ್ಪಾ! ಮಂಟೇಸ್ವಾಮಿ, ಒತ್ತು!”

ಕ್ಯಾಮೆರಾ ಟಕ್ಕೆಂದಿತು. “ಎಲ್ಲಿ, ಎಲ್ಲಿ?” ಎಂದು ರುದ್ರಸ್ವಾಮಿಯವರು ಪಂಚೆಯನ್ನೇ ಹುಡುಕುವಷ್ಟರಲ್ಲಿ ಫಿಲಂ ಫಟ್ಟನೆ ಹರಿಯಿತು. ಬರೀ ಬೆಳಕು ಉಳಿಯಿತು. ಆ ಬೆಳಕಿನ ನಟ್ಟನಡುವೆ, ಶಿವಯ್ಯನವರು ನಿಂತಿರಬೇಕಾದ ಜಾಗದಲ್ಲಿ, ಅಳಿಯ ನಿಂತಿದ್ದರು.

ಸುವರ್ಣಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಎದ್ದು ಹೋದಳು. ಸಾಹೇಬರು ತುಂಡು ತುಂಡಾದ ಐವತ್ತಡಿಯನ್ನು ಪೊಟ್ಟಣ ಕಟ್ಟಿ ಕೈಗಿತ್ತರು.

ಆ ವಾರ ಮನೆಯಲ್ಲಿ ಜಗಳವೇ ಆಗಲಿಲ್ಲ. ಜಗಳವಾಡಿದ್ದರೆ ರುದ್ರಸ್ವಾಮಿಯವರಿಗೆ ಎಷ್ಟೋ ಹಿತವಾಗುತ್ತಿತ್ತು. ಸಾರಿಗೆ ಉಪ್ಪಿಲ್ಲದಿದ್ದರೂ ಸುಮ್ಮನೆ ಉಂಡರು. ಮೂರನೆಯ ದಿನ ಮೆಲ್ಲಗೆ, “ಸುವರ್ಣಾ, ಆ ತುಂಡುಗಳ್ನ ತಕಂಡು ಮದ್ರಾಸ್‌ಗೇ ಓಯ್ತೀನಿ. ಅವ್ರು ಕೇಳ್ದಷ್ಟು ಕೊಟ್ಬುಡ್ತೀನಿ,” ಎಂದರು. ಮಾರನೆಯ ದಿನ ಸಾರಿನಲ್ಲಿ ಉಪ್ಪಿತ್ತು.

ಶನಿವಾರ ಮಂಟೇಸ್ವಾಮಿ ಲಕೋಟೆ ಹಿಡಿದು ಬಂದ. ಹನ್ನೊಂದು ಫೋಟೋಗಳಲ್ಲಿ ಬಿಳಿಗಿರಿರಂಗನ ಬೆಟ್ಟದ ಮುಂಜಾವಿನ ಮಂಜು ತುಂಬಿತ್ತು. ಒಂದರಲ್ಲಿ ಕುದುರೆಯ ಬಾಲ ಇದ್ದಂತಿತ್ತು. ಪೇಟದ ತುರಾಯಿಯೂ ಇರಬಹುದು. ಹನ್ನೆರಡನೆಯದನ್ನು ಅವನು ಸುವರ್ಣಮ್ಮನ ಕೈಗೇ ಕೊಟ್ಟ.

ಶಿವಯ್ಯನವರು! ಕೈಮುಗಿದು, ವಿಭೂತಿ ಹಣೆಯಲ್ಲಿ, ಉಸಿರು ಬಿಗಿಹಿಡಿದು ನಿಂತಿದ್ದಾರೆ. ಸಿನಿಮಾ ಕ್ಯಾಮೆರಾ ಎಂದು ಅವರಿಗೇನು ಗೊತ್ತು? ಫೋಟೋ ಎಂದುಕೊಂಡು ಕಲ್ಲಿನಂತೆ ನಿಂತುಬಿಟ್ಟಿದ್ದರು. ಮೀಸೆಯ ಒಂದೊಂದು ಎಳೆಯೂ ಎಣಿಸುವಂತಿತ್ತು.

ನಿಂತದ್ದು ಮಾತ್ರ ಪಂಚೆಯ ಮೇಲಲ್ಲ. ಅಳಿಯನ ಅಂಗಿಯ ಬೆನ್ನಿನ ಮೇಲೆ.

“ಪಂಚೇಲಿ ನಿರಿಗೆ ಇತ್ತು ಅವ್ವಾರೆ,” ಎಂದು ಮಂಟೇಸ್ವಾಮಿ ವಿವರಿಸಿದ. “ಸಾಹುಕಾರ್ರ ಬೆನ್ನಲ್ಲಿ ಒಂದು ಸುಕ್ಕೂ ಇಲ್ಲ. ಉಂಡ ಮೈ ನೋಡಿ, ಅಂಗಿ ಬಿಗಿಯಾಗಿ ಕೂತದೆ. ಥೇಟ್ ಪರದೆ!”

ಸುವರ್ಣಮ್ಮ ಅತ್ತಳು, ನಕ್ಕಳು, ಮತ್ತೆ ಅತ್ತಳು. ಗಂಡನ ಬೆನ್ನನ್ನು ಒಮ್ಮೆ ಸವರಿದಳು (ಅದು ಗಂಡನಿಗೋ ಅಪ್ಪನಿಗೋ ಎಂಬುದು ಇತ್ಯರ್ಥವಾಗಿಲ್ಲ). ಸುತ್ತ ಕತ್ತರಿಸಿ ಅಪ್ಪನ ಮುಖವಷ್ಟೇ ಉಳಿಸೋಣವೆಂದು ರುದ್ರಸ್ವಾಮಿಯವರು ಗೋಗರೆದರು. “ನಮ್ಮಪ್ಪನ ಪಟಕ್ಕೆ ಕತ್ತರಿ ಮುಟ್ಸೀರಿ, ಜ್ವಾಕೆ!” ಎಂದಳು. ನಿಂತ ಬೆನ್ನು, ಕೊಬ್ಬಿದ ಕತ್ತು, ಎರಡು ಕಿವಿ, ಎಲ್ಲದಕ್ಕೂ ಸೇರಿಸಿ ಕಟ್ಟು ಹಾಕಿಸಿದ್ದಾಯಿತು. ತಿಥಿಯ ದಿನ ಆ ಪಟ ನಡುಮನೆಯ ಗೋಡೆ ಏರಿತು. ದೊಡ್ಡ ಮಲ್ಲಿಗೆಯ ಹಾರ ಬಿತ್ತು. ಶಿವಯ್ಯನವರ ಮುಖ ಅರ್ಧ ಹೂವಿನೊಳಗೆ ಮುಚ್ಚಿಹೋಯಿತು.

ಆ ಹೊತ್ತಿಗೆ ಕೌದಳ್ಳಿಯಿಂದ ರುದ್ರಸ್ವಾಮಿಯವರ ದೂರದ ಅತ್ತೆ ಗುರುಸಿದ್ದಮ್ಮ ಬಂದರು. ಹೊಸಿಲು ದಾಟಿ ಪಟ ನೋಡಿದವರೇ ಎದೆ ಎದೆ ಬಡಿದುಕೊಂಡರು.

“ಅಯ್ಯೋ ಶಿವನೇ! ಈ ಕತ್ತು ನಮ್ ರುದ್ರಂದಲ್ವಾ! ಯಾವಾಗ ತೀರ್ಕಂಡ್ನವ್ವಾ, ನಮಗೊಂದು ಮಾತು ತಿಳಿಸ್ನಿಲ್ವಲ್ಲ!”

ಎಡೆಗೆ ಬಾಳೆಎಲೆ ತೊಳೆಯುತ್ತ ಹಿತ್ತಲ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ ರುದ್ರಸ್ವಾಮಿಯವರು ಬಾಯಿ ತೆರೆಯುವ ಮೊದಲೇ ಸುವರ್ಣಮ್ಮ ಮುಂದೆ ಬಂದಳು.

“ತೀರ್ಕಂಡಿಲ್ಲ ಅತ್ತೆ,” ಎಂದಳು ಸಮಾಧಾನವಾಗಿ, “ತಿರುಗ್ಕಂಡವ್ರೆ, ಅಷ್ಟೆ.”