ಎರಡನೇ ಗಾಡಿ ಮುಂದೆ ನಿಂತಿದೆ

ಮನುಷ್ಯರೇ ಒಬ್ಬರಿಗೊಬ್ಬರು ಮಾತು ಬಿಟ್ಟಿರುವ ಕಾಲದಲ್ಲಿ ಕಾರುಗಳಿಗೆ ಮಾತು ಕಲಿಸಹೊರಟದ್ದು ನನ್ನ ಅಧಿಕಪ್ರಸಂಗ. ಗದಗಿನ ಕಾಲೇಜೊಂದರಲ್ಲಿ ಪಾಠ ಹೇಳುವವನು ನಾನು. ಮುಂದಿನ ಗಾಡಿ ನಿಂತರೆ ಅದರೊಳಗಿನ ಡಬ್ಬಿ ಹಿಂದಿನ ಗಾಡಿಗೆ ರೇಡಿಯೋದಲ್ಲಿ ‘ನಿಧಾನ’ ಎನ್ನಬೇಕು. ಹಿಂದಿನದು ದೂರವಿದ್ದರೆ, ಎದುರು ಬಂದ ಗಾಡಿಯ ಕೈಗೆ ಸುದ್ದಿ ಕೊಟ್ಟು ಕಳಿಸಬೇಕು, ಬಸ್ ಡ್ರೈವರನ ಕೈಯಲ್ಲಿ ಬುತ್ತಿ ಕಳಿಸಿದ ಹಾಗೆ. ಕಳ್ಳ ಸುದ್ದಿ ನುಸುಳದಿರಲೆಂದು ಪ್ರತಿಯೊಂದಕ್ಕೂ ಗುಟ್ಟಿನ ಸಹಿ ಬೇರೆ. ಇಷ್ಟನ್ನೂ ಕೇಳಿದ ಹೆಂಡತಿ ಗಿರಿಜಾ, “ಹಾರ್ನ್ ಹೊಡದ್ರ ಆಗೂದಿಲ್ಲೇನ್ರಿ?” ಎಂದಿದ್ದಳು.

ಡಬ್ಬಿಗಳು ಮೂರು: ಮೊದಲನೆಯದು ನನ್ನ ಕಾರಿಗೆ, ಎರಡನೆಯದು ಜೊತೆಗಾರ ಸಂಗಪ್ಪ ಮಾಸ್ತರ ಕಾರಿಗೆ, ಮೂರನೆಯದು ಕಾಲೇಜಿನ ಜೀಪಿಗೆ. ಹೋದ ವರ್ಷ ಶಿಗ್ಲಿ ದಾರಿಯಲ್ಲಿ ಅವನ್ನು ಪರೀಕ್ಷಿಸುವಾಗ ಸಂಗಪ್ಪನವರಿಗೆ ಎದೆನೋವು ಬಂತು. ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದವರು ಅಲ್ಲೇ ತೀರಿಕೊಂಡರು. ಹಿಂದೆಯೇ ಬರಬೇಕಿದ್ದ ನಾನು ಲಕ್ಷ್ಮೇಶ್ವರದಲ್ಲಿ ಗಿರ್ಮಿಟ್ ತಿನ್ನುತ್ತ ಕುಳಿತಿದ್ದೆ. ಆಮೇಲೆ ಅವರ ಡಬ್ಬಿಯನ್ನು ಬಿಚ್ಚಿ ತಂದು ನನ್ನ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ.

ಮೊನ್ನೆ ಮಟಮಟ ಮಧ್ಯಾಹ್ನ ಗಿರಿಜಾಳೊಂದಿಗೆ ಅದೇ ದಾರಿಯಲ್ಲಿ ಹೊರಟಿದ್ದೆ. ಎರೆಹೊಲಗಳ ಮೇಲೆ ಗಾಳಿಯೂ ಅಲುಗುತ್ತಿರಲಿಲ್ಲ. ಎದುರಿನಿಂದ ಕಾಲೇಜಿನ ಜೀಪು ಬಂತು. ಡ್ರೈವರ್ ಮಾಬುಸಾಬ ಕೈಯೆತ್ತಿ ಮುಂದೆ ಹೋದ. ಮರುಕ್ಷಣವೇ ನನ್ನ ಡಬ್ಬಿ ಕಿಂಯ್ ಎಂದಿತು. ‘ಎರಡನೇ ಗಾಡಿ ಮುಂದೆ ನಿಂತಿದೆ. ನಿಧಾನ.’

ನನ್ನ ಕಾಲು ತಾನಾಗಿಯೇ ಬ್ರೇಕ್ ಒತ್ತಿತು.

“ಯಾಕ ನಿಂತ್ರಿ?”

“ಮುಂದ ಗಾಡಿ ನಿಂತೈತಂತ.”

“ಎಲ್ಲೈತ್ರಿ? ಒಂದು ನಾಯಿನೂ ಇಲ್ಲ.” ಅಷ್ಟರಲ್ಲಿ ಡಬ್ಬಿಯ ಪರದೆ ಓದಿದಳು. “ಎರಡನೇ ಗಾಡಿ ಯಾರದ್ರಿ?”

ನಾನು ಮುಂದಕ್ಕೆ ಕೈ ತೋರಿಸಿದೆ. ದೂರದಲ್ಲಿ ಆ ಬೇವಿನ ಮರ, ಅದರ ಕೆಳಗೆ ಬರೀ ನೆರಳು. ಗಿರಿಜಾ ತಲೆಯ ಮೇಲೆ ಸೆರಗು ಎಳೆದುಕೊಂಡು ಮೆಲ್ಲಗೆ ಹೇಳಿದಳು: “ನಿಧಾನ ಹೋಗ್ರಿ. ಅವರು ಹೇಳ್ಯಾರಲ್ಲ.”

ಊರು ಮುಟ್ಟಿದವನೇ ಕಪಾಟು ತೆಗೆದೆ. ಡಬ್ಬಿ ಅಲ್ಲೇ ಇತ್ತು, ಬ್ಯಾಟರಿ ಇಲ್ಲದೆ, ಧೂಳು ಮುಕ್ಕುತ್ತ. ಆದರೆ ಬಂದ ಸುದ್ದಿಯ ಮೇಲಿದ್ದ ಸಹಿ ಅದರದೇ.

ಮರುದಿನ ಮಾಬುಸಾಬನನ್ನು ಕೇಳಿದೆ. “ಆವತ್ತು ಸಂಗಪ್ಪ ಮಾಸ್ತರ ಕಾರು ದಾಟೇ ಹೋದೆ ಸರ್ರ. ಫೋನಿನ್ಯಾಗ ಮಾತಾಡಾಕತ್ತಾರ ಅನಕೊಂಡೆ,” ಎಂದು ತಲೆ ತಗ್ಗಿಸಿದ. ನನಗೆ ತಲುಪಿಸಬೇಕಾದ ಸುದ್ದಿಯನ್ನು ಹೊತ್ತುಕೊಂಡ ಜೀಪು ಲಕ್ಷ್ಮೇಶ್ವರ ಮುಟ್ಟುವ ಮೊದಲೇ ಕೆಟ್ಟು ನಿಂತಿತ್ತು. ಅಲ್ಲಿಂದ ಮುಂಡರಗಿಯ ಗ್ಯಾರೇಜು ಸೇರಿದ್ದು ಮೊನ್ನೆಯಷ್ಟೇ ಹೊರಬಿದ್ದು, ನನ್ನ ಕಾರು ಎದುರಾದೊಡನೆ ವರ್ಷದ ಹಿಂದಿನ ಆ ಸುದ್ದಿಯನ್ನು ಒಪ್ಪಿಸಿತ್ತು. ಯಾರು ಹೇಳಿದರೆಂದು ಪರೀಕ್ಷಿಸುತ್ತಿದ್ದ ನಾವು, ಯಾವಾಗ ಹೇಳಿದರೆಂದು ನೋಡುವುದನ್ನೇ ಮರೆತಿದ್ದೆವು. ಸುದ್ದಿ ಖರೆ, ಹೊತ್ತು ಮೀರಿತ್ತು.

ಈಗ ತಿದ್ದಿದ್ದೇವೆ. ಹಳೆಯ ಸುದ್ದಿ ಬಂದರೆ ಡಬ್ಬಿ ಮುಲಾಜಿಲ್ಲದೆ ಎಸೆಯುತ್ತದೆ. ಇದಿಲ್ಲದ ಗಾಡಿ ಅಪಾಯಕಾರಿ ಎಂದು ತರಗತಿಯಲ್ಲಿ ಮೇಜು ಕುಟ್ಟಿ ಹೇಳುತ್ತೇನೆ. ನನ್ನ ಕಾರಿಗೆ ಮಾತ್ರ ಆ ತಿದ್ದುಪಡಿ ಇನ್ನೂ ಹಾಕಿಲ್ಲ. ವಿದ್ಯಾರ್ಥಿಗಳು ಕೇಳಿದರೆ, “ಹಾಕೋಣಂತ, ಗಡಿಬಿಡಿ ಏನೈತಿ?” ಎನ್ನುತ್ತೇನೆ.