ಅಜ್ಞಾತ ಕಲಾವಿದನ ಗುಂಡುಸೂಜಿಗಳು

ಉಡುಪು ಚಿತ್ರ ಭಂಡಾರದ ನಿರ್ದೇಶಕರ ಎಡಗೈ ಹೆಬ್ಬೆರಳಿಗೆ ಮಂಗಳವಾರ ಬೆಳಿಗ್ಗೆ ಗುಂಡುಸೂಜಿ ಚುಚ್ಚಿತು. ರಕ್ತ ಬಂತು. ಬಂದದ್ದು ಒಂದೇ ಹನಿ ಎಂಬ ಗಾಳಿಸುದ್ದಿಯನ್ನು ಭಂಡಾರವು ಅಂದೇ ಲಿಖಿತವಾಗಿ ನಿರಾಕರಿಸಿತು.

ಅಧಿಕಾರ ವಹಿಸಿಕೊಂಡ ಮೇಲೆ ನಿರ್ದೇಶಕರು ಭಂಡಾರದ ಚಿತ್ರವೊಂದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಬಿಸಿ ಚಹಾದ ಲೋಟದ ಕೆಳಗಿಡಲು ಅವರಿಗೊಂದು ದಪ್ಪ ಕಾಗದ ಬೇಕಾಗಿತ್ತು. ಮೇಜಿನ ಮೇಲೆ ಅದಿತ್ತು. ಅದರ ಮೂಲೆಯಲ್ಲಿ ಸೂಜಿ ಇತ್ತು.

ಸೂಜಿ ಅಲ್ಲಿದ್ದುದಕ್ಕೆ ಕಾರಣವಿದೆ. ಕಳೆದ ಶತಮಾನದ ಉಡುಪಿನ ಮಳಿಗೆಗಳಲ್ಲಿ ಗಿರಾಕಿಗೆ ಮೊದಲು ಬಟ್ಟೆ ತೋರಿಸುತ್ತಿರಲಿಲ್ಲ, ಚಿತ್ರ ತೋರಿಸುತ್ತಿದ್ದರು. ತೆಳ್ಳಗೆ, ಎತ್ತರಕ್ಕೆ, ಭೂಮಿಯ ಮೇಲೆ ಎಲ್ಲೂ ಸಿಗದಂಥ ಹೆಂಗಸೊಬ್ಬಳು ಗೌನು ತೊಟ್ಟು ನಿಂತ ಚಿತ್ರ. ಅದರ ಕೆಳಮೂಲೆಗೆ ಆ ಗೌನಿನ ಬಟ್ಟೆಯ ಚೂರನ್ನು ಸೂಜಿಯಿಂದ ಸಿಕ್ಕಿಸಿರುತ್ತಿದ್ದರು. ಅಂಥ ಮಳಿಗೆಗಳು ಮುಚ್ಚಿಹೋದಂತೆಲ್ಲ ಚಿತ್ರಗಳು ಭಂಡಾರಕ್ಕೆ ಬಂದವು. ಅವುಗಳಲ್ಲೆಲ್ಲ ಹೆಸರಾದದ್ದು ಒಬ್ಬನದೇ ಕೈಯಿಂದ ಬಂದ ದೊಡ್ಡ ರಾಶಿ. ಹೆಸರಾದದ್ದು ಯಾಕೆಂದರೆ ಅದನ್ನು ಬರೆದವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಭಂಡಾರದ ಮಹಡಿಯ ಮೇಲೆ ಅವನಿಗಾಗಿಯೇ ‘ಅಜ್ಞಾತ ಕಲಾವಿದ ವಿಭಾಗ’ ಎಂಬ ಫಲಕವಿತ್ತು. ಅದರ ಮುಖ್ಯಸ್ಥರನ್ನು ಎಲ್ಲರೂ ಅಜ್ಞಾತ ಸಾಹೇಬರು ಎಂದು ಕರೆಯುತ್ತಿದ್ದರು. ಅವರ ಹೆಂಡತಿಯೂ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಿದ್ದಳು.

ಸಾಹೇಬರು ಈ ಸ್ಥಾನಕ್ಕೆ ಸುಮ್ಮನೆ ಬಂದವರಲ್ಲ. ಅಜ್ಞಾತ ಕಲಾವಿದನ ಯಾವ ಚಿತ್ರದಲ್ಲೂ ಹೆಂಗಸಿನ ಕೈ ಕಾಣುವುದಿಲ್ಲ ಎಂಬುದನ್ನು ಮೊದಲು ಗಮನಿಸಿದವರು ಅವರೇ. ಕೈ ಬೆನ್ನ ಹಿಂದಿರುತ್ತದೆ, ಇಲ್ಲವೇ ಜೇಬಿನಲ್ಲಿರುತ್ತದೆ, ಶಾಲಿನೊಳಗೆ, ಹೂಬುಟ್ಟಿಯ ಆಚೆ, ಒಂದು ಚಿತ್ರದಲ್ಲಂತೂ ನಾಯಿಯ ಕೆಳಗೆ. ಇದರ ಮೇಲೆ ಅವರು ದಪ್ಪ ಪ್ರಬಂಧ ಬರೆದರು. ಕಲಾವಿದ ಗಂಡಸು, ಯುದ್ಧದಲ್ಲಿ ಕೈ ಕಳೆದುಕೊಂಡವನು, ಮನುಷ್ಯನ ಕೈಗಳು ಮಾಡಿದ ಪಾಪವನ್ನು ನೋಡಲಾರದೆ ಕೈಯನ್ನೇ ತ್ಯಜಿಸಿದವನು ಎಂದು ಸಾಧಿಸಿದರು. ಅದಕ್ಕೆ ಡಾಕ್ಟರೇಟ್ ಬಂತು, ಡಾಕ್ಟರೇಟಿನ ಹಿಂದೆ ವಿಭಾಗ, ವಿಭಾಗದ ಹಿಂದೆ ಕಾರು. ವರ್ಷಕ್ಕೊಮ್ಮೆ ಅಜ್ಞಾತ ಕಲಾವಿದನ ಸ್ಮರಣ ದಿನದಂದು ಸಿಬ್ಬಂದಿಯೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೌನವಾಗಿ ನಿಲ್ಲುವುದು ಕಡ್ಡಾಯವಾಯಿತು. ಆ ದಿನ ಮೂಗು ತುರಿಸಿಕೊಂಡ ಗುಮಾಸ್ತನೊಬ್ಬನಿಗೆ ನೋಟಿಸು ಹೋದದ್ದೂ ಉಂಟು.

ಹೆಬ್ಬೆರಳಿನ ಘಟನೆಯ ಮರುದಿನ ಸುತ್ತೋಲೆ ಬಂತು. ‘ಪಾರಂಪರಿಕ ವಸ್ತುಗಳು ಅಧಿಕಾರಿಗಳ ಮೇಲೆ ಹಲ್ಲೆ ನಡೆಸುತ್ತಿರುವುದು ಗಮನಕ್ಕೆ ಬಂದಿರುವುದರಿಂದ, ಸಮಸ್ತ ಗುಂಡುಸೂಜಿಗಳನ್ನು ತಕ್ಷಣ ಕಳಚತಕ್ಕದ್ದು. ಕಳಚಿದ ಸೂಜಿಗಳೂ ಪಾರಂಪರಿಕವೇ ಆಗಿರುವುದರಿಂದ, ಅವು ಚುಚ್ಚಿದಲ್ಲಿ ದೂರು ಸ್ವೀಕರಿಸಲಾಗದು.’

ಮೊದಲ ಸೂಜಿಯನ್ನು ಸಾಹೇಬರೇ ಕಳಚಿದರು. ಫೋಟೋ ತೆಗೆಯುವವನನ್ನು ಕರೆಸಿದ್ದರು. ಹಸಿರು ಮಖಮಲ್ಲಿನ ಚೂರನ್ನು ಚಿಮಟದಿಂದ ಎತ್ತಿದಾಗ ಅದರ ಕೆಳಗೆ ಕಾಗದ ಬಿಸಿಲು ಕಾಣದೆ ಬೆಳ್ಳಗೆ ಉಳಿದಿತ್ತು. ಆ ಬಿಳುಪಿನಲ್ಲಿ ಒಂದು ಸಹಿ. ಪೂರ್ತಿ ಹೆಸರು, ಸ್ಪಷ್ಟ ಅಕ್ಷರ, ಕೊನೆಯಲ್ಲಿ ಬಾಲದಂಥದೊಂದು ಸುರುಳಿ.

ಸಾಹೇಬರು ಚಿಮಟವನ್ನು ಕೆಳಗಿಟ್ಟರು. ಆ ಸುರುಳಿಯನ್ನು ಅವರು ದಿನಾ ನೋಡುತ್ತಿದ್ದರು. ಅವರ ಮನೆಯ ಅಡುಗೆಮನೆಯಲ್ಲಿ ‘ಸಕ್ಕರೆ’ ಎಂದು ಬರೆದ ಡಬ್ಬಿಯ ಮೇಲೆ ಅದಿತ್ತು, ‘ಉಪ್ಪು’ ಎಂದು ಬರೆದದ್ದರ ಮೇಲೂ ಇತ್ತು. ಸಹಿ ಅವರ ಅತ್ತೆಯದು. ಆ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಕಾರಣ ಮುಂದೆ ಬರುತ್ತದೆ.

“ಬೆಳಕು ಸರಿಯಿಲ್ಲ,” ಎಂದು ಫೋಟೋದವನನ್ನು ಕಳಿಸಿ, ಸಾಹೇಬರು ಬಾಗಿಲು ಹಾಕಿಕೊಂಡು ಒಂದು ಟ್ರೇ ಪೂರ್ತಿ ಬಿಚ್ಚಿದರು. ಪ್ರತಿ ಚೂರಿನ ಕೆಳಗೂ ಅತ್ತೆ ಇದ್ದರು.

ಮನೆಗೆ ಬಂದಾಗ ಅತ್ತೆ ಊಟದ ಮೇಜಿನ ಮೇಲೆ ಬಟಾಣಿ ಸುಲಿಯುತ್ತಿದ್ದರು. ಸಾಹೇಬರು ಕೋಟು ಬಿಚ್ಚದೆಯೇ ಎದುರಿಗೆ ಕುಳಿತರು.

“ಅತ್ತೆ, ಮದುವೆಗೆ ಮುಂಚೆ ನೀವು ಎಲ್ಲಿ ಕೆಲಸ ಮಾಡ್ತಿದ್ರಿ?”

“ಉಡುಪಿನ ಮಳಿಗೇಲಿ. ಚಿತ್ರ ಬರೀತಿದ್ದೆ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ದೆನಲ್ಲ. ನೀವು ಹೆಣ್ಣು ನೋಡೋಕೆ ಬಂದ ದಿನ. ನೀವು ಅದ್ಯಾರೋ ಗೊತ್ತಿಲ್ಲದ ಕಲಾವಿದನ ವಿಷಯ ಹೇಳ್ತಾ ಇದ್ರಿ. ಅದು ನಾನೇ ಇರಬೇಕು ಅಂದೆ. ಮಧ್ಯೆ ಬಾಯಿ ಹಾಕ್ಬೇಡಿ ಅಂದ್ರಿ.”

“ಹೂಂ ರೀ, ಅಂದ್ರಿ,” ಎಂದಳು ಒಲೆಯ ಮುಂದಿದ್ದ ಹೆಂಡತಿ. “ಆವತ್ತೇ ನನಗೆ ಅರ್ಥ ಆಗಬೇಕಿತ್ತು.”

ಸಾಹೇಬರು ಅದನ್ನು ಕೇಳಿಸಿಕೊಳ್ಳಲಿಲ್ಲ. “ಕೈ ಯಾಕೆ ಬರೀತಿರಲಿಲ್ಲ ಅತ್ತೆ? ನಿಜ ಹೇಳಿ.”

“ಕೈ ಬರೆಯೋದು ಕಷ್ಟ. ಒಂದೊಂದಕ್ಕೂ ಐದೈದು ಬೆರಳು. ಯಜಮಾನರು ಊಟದ ಹೊತ್ತಿಗೆ ರಾಶಿ ಚಿತ್ರ ಕೇಳೋರು. ಕೈ ನೋಡಿ ಯಾರು ಗೌನು ಕೊಳ್ತಾರೆ?”

“ಯುದ್ಧದ ಪರಿಣಾಮ ಏನೂ ಇರಲಿಲ್ವಾ?”

“ಯಾವ ಯುದ್ಧ?”

“ಹೋಗಲಿ, ದುಃಖ? ಆ ರೇಖೆಗಳಲ್ಲಿ ಒಂದು ತೀರದ ವೇದನೆ ಇದೆ ಅತ್ತೆ. ಅದರ ಮೇಲೇ ನನ್ನದೊಂದು ಅಧ್ಯಾಯ ಇದೆ.”

ಅತ್ತೆ ಸ್ವಲ್ಪ ಯೋಚಿಸಿದರು. “ಹಲ್ಲುನೋವಿತ್ತು,” ಎಂದರು.

ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಅತ್ತೆ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದರು. “ಅವೆಲ್ಲ ನಿಮ್ಮ ಹತ್ರ ಇವೆಯಾ, ಅಳಿಯಂದಿರೇ? ಕೆಲಸ ಬಿಟ್ಟಾಗ ಯಜಮಾನರು ಒಂದನ್ನೂ ಕೊಡಲಿಲ್ಲ. ನನಗೆ ಅವನ್ನ ಒಂದು ಸಲ ನೋಡಬೇಕು. ಹಾಗೇ ಹೆಸರೂ ಹಾಕಿಸಿಬಿಡಿ.”

“ಅಮ್ಮನ ಹೆಸರು ಹಾಕಿಸಿದರೆ ನಿಮ್ಮದೇನು ಗಂಟು ಹೋಗುತ್ತೆ?” ಎಂದಳು ಹೆಂಡತಿ.

“ವಿಭಾಗ ಹೋಗುತ್ತೆ,” ಎಂದರು ಸಾಹೇಬರು.

ಅದು ಸುಳ್ಳಲ್ಲ. ಹೆಸರು ಗೊತ್ತಾದ ಕಲಾವಿದರನ್ನು ನೋಡಿಕೊಳ್ಳಲು ಭಂಡಾರದ ನೆಲಮಹಡಿಯಲ್ಲಿ ಬೇರೆ ವಿಭಾಗವಿತ್ತು. ಅಲ್ಲಿಯ ಮುಖ್ಯಸ್ಥನಿಗೆ ಕಾರು ಇರಲಿಲ್ಲ, ಕಿಟಕಿಯೂ ಇರಲಿಲ್ಲ.

ಮರುದಿನ ನಿರ್ದೇಶಕರು ಹೆಬ್ಬೆರಳಿನ ಪಟ್ಟಿಯನ್ನು ಸವರಿಕೊಳ್ಳುತ್ತಾ ಸಾಹೇಬರು ಹೇಳಿದ್ದನ್ನೆಲ್ಲ ಕೇಳಿದರು.

“ಇದನ್ನ ಯಾರಿಗೆ ಹೇಳಿದೀರಿ?”

“ಯಾರಿಗೂ ಇಲ್ಲ ಸರ್. ಅತ್ತೆಗೆ ಗೊತ್ತಿದೆ.”

“ಅವರಿಗೆ ಹೇಗೆ ಗೊತ್ತಾಯ್ತು?”

“ಬರೆದವರು ಅವರೇ ಸರ್.”

“ಅದು ಅವರ ಹೇಳಿಕೆ,” ಎಂದರು ನಿರ್ದೇಶಕರು. “ತಜ್ಞರು ತೀರ್ಮಾನ ಮಾಡಲಿ.”

ತಜ್ಞರ ಸಮಿತಿ ಸೇರಿತು. ಕಳೆದ ಶತಮಾನದ ಕೋಟಿನ ಗುಂಡಿಗಳ ಬಗ್ಗೆ ಅಧಿಕಾರವಾಣಿ ಎನಿಸಿದ ವೃದ್ಧರೊಬ್ಬರು ಅದರ ಅಧ್ಯಕ್ಷರು. ಅತ್ತೆ ತಮ್ಮ ಒಳ್ಳೆಯ ಚಪ್ಪಲಿ ಹಾಕಿಕೊಂಡು ಬಂದರು. ಅಳಿಯನನ್ನು ಸಮಿತಿಯ ಕಾರ್ಯದರ್ಶಿಯ ಕುರ್ಚಿಯಲ್ಲಿ ನೋಡಿ, “ಊಟದ ಡಬ್ಬಿ ಮನೇಲೇ ಬಿಟ್ಟು ಬಂದಿದೀರಿ,” ಎಂದು ಅದನ್ನು ಅವರ ಮುಂದಿಟ್ಟು ಕುಳಿತರು. ಆ ಮಾತನ್ನು ನಡಾವಳಿಯಿಂದ ತೆಗೆದುಹಾಕಲಾಯಿತು.

ಚಿತ್ರ ಬರೆಯಿರಿ ಎಂದರು. ಗುಂಡಿ ತಜ್ಞರು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಅತ್ತೆ ಬರೆದು ಮುಗಿಸಿದ್ದರು. ಕಾಗದದ ಮೇಲೆ ತೆಳ್ಳಗಿನ ಎತ್ತರದ ಹೆಂಗಸೊಬ್ಬಳು ಸೊಂಟ ಓರೆ ಮಾಡಿ, ಎರಡೂ ಕೈ ಬೆನ್ನ ಹಿಂದಿಟ್ಟು ನಿಂತಿದ್ದಳು. ಗೌನಿನ ನೆರಿಗೆ ಗಾಳಿಗೆ ಅಲ್ಲಾಡಿದಂತಿತ್ತು. ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಹರೆಯದಿಂದ ತಾನು ಪೂಜಿಸಿದ ಗೆರೆ ತನ್ನ ಕಣ್ಣೆದುರಿಗೇ ಹುಟ್ಟಿತ್ತು. ಅವರು ನೀರು ಕುಡಿದರು.

“ಅನುಕರಣೆ ಚೆನ್ನಾಗಿದೆ,” ಎಂದರು ಗುಂಡಿ ತಜ್ಞರು. “ಆದರೆ ಮೂಲದ ವೇದನೆ ಇದರಲ್ಲಿಲ್ಲ.”

“ಆಗ ಹಲ್ಲುನೋವಿತ್ತು,” ಎಂದರು ಅತ್ತೆ. “ಈಗ ಹಲ್ಲೇ ಇಲ್ಲ.”

“ಒಂದು ಕೈ ಬರೀರಿ ನೋಡೋಣ.”

ಅತ್ತೆ ಹುಬ್ಬುಗಂಟಿಕ್ಕಿ, ಒರೆಸಿ, ಮತ್ತೆ ಬರೆದು, ಬಹಳ ಹೊತ್ತು ತೆಗೆದುಕೊಂಡರು. ಕೊನೆಗೆ ಬಂದದ್ದು ಕ್ಯಾರೆಟ್ಟಿನ ಕಟ್ಟಿನ ಹಾಗಿತ್ತು. ಗುಂಡಿ ತಜ್ಞರು ಅದನ್ನು ಸಮಿತಿಯ ಮುಂದೆ ಎತ್ತಿ ಹಿಡಿದರು.

“ಇಲ್ಲಿಗೆ ಇತ್ಯರ್ಥವಾಯ್ತು. ಅಜ್ಞಾತ ಕಲಾವಿದ ಕೈ ಬರೆಯಲಿಲ್ಲ, ಯಾಕಂದ್ರೆ ಬರೆಯೋದು ಬೇಡ ಅಂತ ತೀರ್ಮಾನಿಸಿದ್ದ. ಈ ತಾಯಿ ಬರೆಯಲ್ಲ, ಯಾಕಂದ್ರೆ ಬರಲ್ಲ. ಇಬ್ಬರೂ ಒಬ್ಬರೇ ಆಗೋದು ಹೇಗೆ ಸಾಧ್ಯ?”

ಎಲ್ಲರೂ ಕಾರ್ಯದರ್ಶಿಯ ಕಡೆ ನೋಡಿದರು. ಅತ್ತೆಯೂ ನೋಡಿದರು. ಸಾಹೇಬರಿಗೆ ಕಿಟಕಿ ಕಾಣಿಸಿತು, ಅದರಾಚೆ ನಿಂತಿದ್ದ ಕಾರು ಕಾಣಿಸಿತು.

“ಪ್ರಬಂಧದ ಆರನೇ ಅಧ್ಯಾಯದಲ್ಲೂ ಇದೇ ಅಭಿಪ್ರಾಯ ಇದೆ,” ಎಂದರು ಅವರು, ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ.

“ನೀವು ಬರೆದದ್ದಲ್ವಾ ಅದು,” ಎಂದರು ಅತ್ತೆ.

ಉಳಿದದ್ದು ಸಹಿಗಳ ಪ್ರಶ್ನೆ. ಅಜ್ಞಾತ ಕಲಾವಿದನ ಚಿತ್ರದ ಮೇಲೆ ಹೆಸರಿದ್ದರೆ ಅದು ಕಲಾವಿದನದಾಗಿರಲು ಸಾಧ್ಯವಿಲ್ಲ ಎಂದು ಸಮಿತಿ ಒಮ್ಮತದಿಂದ ನಿರ್ಣಯಿಸಿತು. ಅಳಿಸುವಂತಿಲ್ಲ, ಪಾರಂಪರಿಕ ಕಾಗದ. ತೋರಿಸುವಂತಿಲ್ಲ, ಸಾರ್ವಜನಿಕರಿಗೆ ತಪ್ಪು ಮಾಹಿತಿ ಹೋಗುತ್ತದೆ. ಸದರಿ ಹೆಸರನ್ನು ಭಂಡಾರದ ಒಳಗಿನವರಾಗಲಿ, ಭಂಡಾರದ ಬಗ್ಗೆ ಬರೆಯುವ ಹೊರಗಿನವರಾಗಲಿ ಬಳಸತಕ್ಕದ್ದಲ್ಲ ಎಂಬ ನಿಯಮ ಅಂದೇ ಹುಟ್ಟಿತು. ಬಟ್ಟೆಯ ಚೂರುಗಳನ್ನು ಮೊದಲಿದ್ದಂತೆಯೇ ಸಹಿಯ ಮೇಲೆ ಸಿಕ್ಕಿಸಬೇಕೆಂದು ಆದೇಶವಾಯಿತು. ಇದಕ್ಕಾಗಿ ತುಕ್ಕು ಹಿಡಿಯದ ಹೊಸ ಸೂಜಿಗಳನ್ನು ತರಿಸಲಾಯಿತು. ಹೊಸವಾದ್ದರಿಂದ ಅವು ಹಳೆಯವಕ್ಕಿಂತ ಚೂಪಾಗಿದ್ದವು.

ಭಂಡಾರದಲ್ಲಿ ಆಗ ಕೆಟ್ಟ ದಿನಗಳು ಶುರುವಾದವು. ಗುಮಾಸ್ತರು ಒಬ್ಬರ ಹಿಂದೊಬ್ಬರು ಬೆರಳಿಗೆ ಪಟ್ಟಿ ಸುತ್ತಿಕೊಂಡು ರಜೆ ಹಾಕಿದರು. ಗುಂಡಿ ತಜ್ಞರೇ ಒಂದು ಕೈ ನೋಡೋಣವೆಂದು ಬಂದು ಅಂಗೈಗೆ ಚುಚ್ಚಿಸಿಕೊಂಡು ಹೋದರು. ರಕ್ತದ ಕಲೆಯಾದ ಚಿತ್ರಗಳನ್ನು ‘ಕಲಾವಿದನ ಕೊನೆಯ ಘಟ್ಟ’ ಎಂದು ಪ್ರತ್ಯೇಕವಾಗಿ ವರ್ಗೀಕರಿಸಲಾಯಿತು. ಸಾಹೇಬರು ಅದರ ಮೇಲೆ ಒಂದು ಲೇಖನ ಬರೆದರು.

ಈ ನಡುವೆ ಅತ್ತೆ ತಮ್ಮ ಚಿತ್ರಗಳನ್ನು ನೋಡಲು ಒಂದಲ್ಲ ಒಂದು ಬಾಗಿಲಲ್ಲಿ ಕೇಳುತ್ತಲೇ ಇದ್ದರು. ಅಜ್ಞಾತ ವಿಭಾಗದೊಳಗೆ ಸಿಬ್ಬಂದಿಗೆ ಮಾತ್ರ ಪ್ರವೇಶ. ಒಂದು ಮಧ್ಯಾಹ್ನ ಅವರು ಹೊರಗಿನ ಬೆಂಚಿನಲ್ಲಿ ಕುಳಿತಿದ್ದಾಗ, ಒಳಗೆ ಗುಮಾಸ್ತನೊಬ್ಬ ನರಳಿದ್ದು ಕೇಳಿಸಿತು. ಅವರು ಎದ್ದು ಬಾಗಿಲಲ್ಲಿ ನಿಂತರು.

“ಹಾಗಲ್ಲಪ್ಪ. ಸೂಜಿ ಬಟ್ಟೆಯಿಂದ ಇಳಿದು ಕಾಗದ ದಾಟಿ ಮತ್ತೆ ಮೇಲೆ ಬರಬೇಕು. ತುದಿ ಬಟ್ಟೆ ಮಡಿಕೆಯೊಳಗೆ ಮಲಗಬೇಕು. ಕೊಡಿಲ್ಲಿ.”

ನಿರ್ದೇಶಕರು ಆ ದಾರಿಯಾಗಿ ಬಂದಾಗ ಅತ್ತೆ ಒಂದು ಟ್ರೇ ಮುಗಿಸಿದ್ದರು. ನಿರ್ದೇಶಕರು ಎಡಗೈ ಹೆಬ್ಬೆರಳನ್ನು ಚೂರುಗಳ ಮೇಲೆ ಅಂಜುತ್ತಾ ಆಡಿಸಿ ನೋಡಿದರು. ಏನೂ ಆಗಲಿಲ್ಲ. ಸಾಹೇಬರನ್ನು ಕರೆಸಿದರು.

“ಇವರನ್ನ ಸೂಜಿ ಸಹಾಯಕಿ ಅಂತ ತಗೊಳ್ಳೋಣ. ತಾತ್ಕಾಲಿಕ. ನಿಮ್ಮ ಅಭ್ಯಂತರ ಏನಾದ್ರೂ ಇದೆಯಾ?”

ಸಾಹೇಬರು ಅತ್ತೆಯನ್ನು ಕಾರಿಡಾರಿಗೆ ಕರೆದೊಯ್ದು ಪಿಸುಗುಟ್ಟಿದರು. “ಬೇಡ ಅತ್ತೆ. ನಿಮ್ಮ ಹೆಸರಿನ ಮೇಲೆ ನೀವೇ ಚುಚ್ಚೋದಾ? ನೋಡೋಕೆ ಚೆನ್ನಾಗಿರಲ್ಲ.”

“ಆಗಲೂ ನಾನೇ ಚುಚ್ಚಿದ್ದು, ಅಳಿಯಂದಿರೇ. ಗಿರಾಕಿಗಳು ಹೆಸರು ನೋಡಿ ನನ್ನನ್ನೇ ಕೇಳ್ಕೊಂಡು ಬಂದಾರು ಅಂತ ಯಜಮಾನರು ಹೇಳಿ ಮಾಡಿಸೋರು. ಆವಾಗ ಚಿತ್ರ ನೋಡೋಕೆ ಪುರುಸೊತ್ತಿರಲಿಲ್ಲ. ಈಗ ಇದೆ.” ಅವರು ಸೆರಗಿನಲ್ಲಿದ್ದ ಒಂದು ಸೂಜಿಯನ್ನು ತೆಗೆದು ಡಬ್ಬಿಗೆ ಹಾಕಿದರು. “ನಿಮ್ಮ ವಿಭಾಗ ನಿಮಗಿರಲಿ. ಬಾಗಿಲು ಬಿಡಿ.”

ಈಗ ಅತ್ತೆ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಭಂಡಾರಕ್ಕೆ ಬರುತ್ತಾರೆ. ಸಾಹೇಬರು ಕಾರಿನಲ್ಲಿ ಬರುತ್ತಾರೆ. ತಾತ್ಕಾಲಿಕ ಸಿಬ್ಬಂದಿಯನ್ನು ಇಲಾಖೆಯ ಕಾರಿಗೆ ಹತ್ತಿಸಿಕೊಳ್ಳಲು ಅವಕಾಶವಿಲ್ಲ. ಕೆಲಸದ ವೇಳೆಯಲ್ಲಿ ಅತ್ತೆ ಅವರನ್ನು ಸರ್ ಎನ್ನುತ್ತಾರೆ, ಮನೆಯಲ್ಲಿ ಅಗತ್ಯವಿದ್ದಷ್ಟೇ ಮಾತಾಡುತ್ತಾರೆ. ಪ್ರತಿ ಚಿತ್ರವನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಆಮೇಲೆ ಚೂರು ಸಿಕ್ಕಿಸುತ್ತಾರೆ. ಕೆಲಸ ನಿಧಾನವೆಂದು ಒಮ್ಮೆ ನೋಟಿಸು ಹೋಗಿತ್ತು. ಉತ್ತರ ಬಂದಿಲ್ಲ.

ಈ ವರ್ಷದ ಸ್ಮರಣ ದಿನದಂದು ಸಿಬ್ಬಂದಿಯೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಕೈಯಲ್ಲಿ ಸೂಜಿಗಳಿದ್ದುದರಿಂದ ಸೂಜಿ ಸಹಾಯಕಿಗೆ ವಿನಾಯಿತಿ ನೀಡಲಾಗಿತ್ತು. ಅವರ ನೇಮಕದ ನಂತರ ಭಂಡಾರದಲ್ಲಿ ಯಾರ ಬೆರಳಿಗೂ ಸೂಜಿ ಚುಚ್ಚಿಲ್ಲ.